ಬ್ಯಾಟರಿಗೆ ಬಾವಿ ನೀರು ಯಾಕೆ ಆಗದು?

ಕೊಲ್ಲೂರು ಆಸುಪಾಸಿನ ನಮ್ಮ ಊರುಗಳಲ್ಲಿ ಈಗ ಸೌರಬೇಲಿ ಇಲ್ಲದೆ ಕೃಷಿ ಮಾಡುವುದು ಕಷ್ಟ. ಒಂದು ಬದಿ ಮೂಕಾಂಬಿಕಾ ವನ್ಯಜೀವಿ ಧಾಮದ ಕಾಡು. ಇನ್ನೊಂದು ಬದಿ ನಮ್ಮ ಗದ್ದೆ, ಬಾಳೆ, ಅಡಿಕೆ ಸಸಿ. ನಡುವೆ ಇರುವುದು ನಾಲ್ಕು ಸಾಲು ತಂತಿ. ಆ ತಂತಿಗೆ ಜೀವ ಕೊಡುವುದು ಒಂದು 12 ವೋಲ್ಟಿನ ಬ್ಯಾಟರಿ.

ಬೇಲಿ ಹಾಕಿದ ಮೊದಲ ಮಳೆಗಾಲ ಎಲ್ಲವೂ ಸರಿ. ಎರಡನೆಯದೂ ಹೇಗೋ ದಾಟುತ್ತದೆ. ಮೂರನೆಯ ಮಳೆಗಾಲದ ಒಂದು ರಾತ್ರಿ ಯಂತ್ರದ ಟಕ್ ಟಕ್ ಸದ್ದು ನಿಲ್ಲುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯಲ್ಲಿ ಹಂದಿ ಹೊರಳಿದ ಗುರುತು, ಬಾಳೆಯ ಬುಡ ಅಗೆದು ಹಾಕಿದ ರಾಶಿ. ಕಾಡುಕೋಣ ಬಂದರಂತೂ ಕೇಳುವುದೇ ಬೇಡ. ಬೇಲಿಗೆ ಹಾಕಿದ ದುಡ್ಡು, ಬೆಳೆಗೆ ಹಾಕಿದ ದುಡ್ಡು ಎರಡೂ ಹೋಯಿತು.

ಇಂಥ ಮನೆಗಳಿಗೆ ಹೋದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. "ಬ್ಯಾಟ್ರಿಗೆ ಎಂತ ನೀರ್ ಹಾಕ್ತ್ರಿ?"

"ಎಂತ ಅಂದ್ರೆ? ನಮ್ ಬಾವಿ ನೀರೇ ಮಾರಾಯ್ರೆ. ಗಾಜಿನಂಗೆ ಇತ್ತ್, ಕಾಣಿ ಬೇಕಾರೆ."

ಗಾಜಿನ ಹಾಗೆ ಇರುವುದು ಸುಳ್ಳಲ್ಲ. ಕರಾವಳಿಯ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಸಾಬೂನು ಚೆನ್ನಾಗಿ ನೊರೆ ಬರುತ್ತದೆ, ಬಯಲುಸೀಮೆಯ ಹಾಗೆ ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವುದಿಲ್ಲ. ಹಾಗಾಗಿ ಬ್ಯಾಟರಿಗೂ ಇದು ಸಾಕು ಎಂಬ ನಂಬಿಕೆ. ಬೇಲಿ ಹಾಕಿಸಿ ಹೋದವರೂ "ನೀರು ನೋಡ್ತಾ ಇರಿ" ಎಂದು ಹೇಳಿರುತ್ತಾರೆ, ಎಂಥ ನೀರು ಎಂದು ಹೇಳಿರುವುದಿಲ್ಲ. ಇಲ್ಲಿಯೇ ಎಡವಟ್ಟು. ಅದು ಯಾಕೆಂದು ತಿಳಿಯಬೇಕಾದರೆ ಬ್ಯಾಟರಿಯ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ನೋಡಬೇಕು. ಹೆದರಬೇಡಿ, ಅರಿಶಿನ ಕುಂಕುಮ ಗೊತ್ತಿದ್ದವರಿಗೆ ಇದೂ ಅರ್ಥವಾಗುತ್ತದೆ.

ಅರಿಶಿನ ಕುಂಕುಮವಾಗುವ ಪ್ರಯೋಗ

ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಓಕುಳಿ ಮಾಡುವುದು ಹೀಗೆಯೇ. ಅದೇ ಕೆಂಪನ್ನು ಸುಣ್ಣವಿಲ್ಲದೆ, ಕರೆಂಟಿನಿಂದಲೇ ತರಬಹುದು.

ಒಂದು ಬಿಳಿ ಬಟ್ಟೆಯ ತುಂಡನ್ನು ಅರಿಶಿನ ನೀರಿನಲ್ಲಿ ಅದ್ದಿ. ಆ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿರಲಿ. ಒದ್ದೆ ಬಟ್ಟೆಯನ್ನು ಪಿಂಗಾಣಿ ತಟ್ಟೆಯ ಮೇಲೆ ಹರಡಿ. ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲುಗಳಿಗೆ 9 ವೋಲ್ಟಿನ ಸಣ್ಣ ಚೌಕ ಬ್ಯಾಟರಿಯಿಂದ ವಯರು ಕೊಟ್ಟು, ಪೆನ್ಸಿಲ್ ಕಡ್ಡಿಗಳನ್ನು ಎರಡು ಬೆರಳು ದೂರದಲ್ಲಿ ಬಟ್ಟೆಗೆ ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಮೈನಸ್ ತುದಿಯ ಸುತ್ತ ಕುಂಕುಮದ ಬಣ್ಣ ಮೂಡುತ್ತದೆ. ಪ್ಲಸ್ ತುದಿಯಲ್ಲಿ ಹಾಗೆ ಆಗುವುದಿಲ್ಲ, ಅಲ್ಲಿ ಅರಿಶಿನ ಮಂಕಾಗುತ್ತದೆ. ವಯರು ಅದಲು ಬದಲು ಮಾಡಿದರೆ ಕೆಂಪು ಮೂಡುವ ಜಾಗವೂ ಬದಲಾಗುತ್ತದೆ. ಇನ್ನೂ ಹಿಡಿದುಕೊಂಡೇ ಇದ್ದರೆ ಕೆಂಪಿನ ಅಂಚು ಮೆಲ್ಲ ಮೆಲ್ಲ ಪ್ಲಸ್ ಕಡೆಗೆ ಸರಿಯುತ್ತದೆ. ಮನೆಯ ಕರೆಂಟಿನಲ್ಲಿ ಮಾತ್ರ ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ಸಣ್ಣ ಬ್ಯಾಟರಿ ಸಾಕು.

ಏನಾಯಿತು? ಉಪ್ಪು ನೀರಿನಲ್ಲಿ ಕರಗಿದಾಗ ಅದರ ಕಣಗಳು ಒಡೆದು ಎರಡು ಪಂಗಡ ಆಗುತ್ತವೆ. ಒಂದು ಪಂಗಡಕ್ಕೆ ಧನ ವಿದ್ಯುತ್ತು, ಇನ್ನೊಂದಕ್ಕೆ ಋಣ ವಿದ್ಯುತ್ತು. ಇವೇ ಅಯಾನುಗಳು. ಎರಡು ತುದಿಗಳ ನಡುವೆ ವೋಲ್ಟೇಜು ಕೊಟ್ಟ ಕೂಡಲೇ ನಡುವಿನ ಜಾಗವೆಲ್ಲ ವಿದ್ಯುತ್ ಕ್ಷೇತ್ರವಾಗುತ್ತದೆ. ಗದ್ದೆಗೆ ಇಳಿಜಾರು ಇದ್ದ ಹಾಗೆ. ಧನ ಅಯಾನು ಮೈನಸ್ ಕಡೆಗೆ ಇಳಿಯುತ್ತದೆ, ಋಣ ಅಯಾನು ಪ್ಲಸ್ ಕಡೆಗೆ. ಮೈನಸ್ ತುದಿಯಲ್ಲಿ ನೀರು ಒಡೆದು ಹೈಡ್ರೊಜನ್ ಗುಳ್ಳೆಯಾಗಿ ಹೋಗುತ್ತದೆ, ಸುಣ್ಣದಂಥ ಕ್ಷಾರ ಉಳಿಯುತ್ತದೆ. ಅರಿಶಿನವನ್ನು ಕೆಂಪು ಮಾಡಿದ್ದು ಅದೇ. ಆ ಕ್ಷಾರದ ಅಯಾನುಗಳಿಗೆ ಋಣ ವಿದ್ಯುತ್ತು ಇರುವ ಕಾರಣ ಅವು ಪ್ಲಸ್ ಕಡೆಗೆ ಹೊರಡುತ್ತವೆ. ಕೆಂಪಿನ ಅಂಚು ಸರಿದದ್ದು ಹಾಗೆ. ಅಯಾನಿನ ನಡೆಯನ್ನು ಬರಿಗಣ್ಣಿನಲ್ಲಿ ನೋಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಅಯಾನು ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, 1834ರಲ್ಲಿ. ಗ್ರೀಕ್ ಭಾಷೆಯಲ್ಲಿ ಅದಕ್ಕೆ 'ಹೋಗುವಂಥದ್ದು' ಎಂದು ಅರ್ಥ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಂಗಮ. ಉಪ್ಪು ನೀರಿನಲ್ಲಿ ಕರಗಿದ ಕೂಡಲೇ, ಕರೆಂಟು ಕೊಡುವ ಮೊದಲೇ ಅಯಾನುಗಳಾಗಿ ಒಡೆದಿರುತ್ತದೆ ಎಂದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ಹೇಳಿದಾಗ ಅವರ ಗುರುಗಳೇ ಸುಲಭಕ್ಕೆ ಒಪ್ಪಲಿಲ್ಲ. 1884ರ ಆ ಪ್ರಬಂಧಕ್ಕೆ ಸಿಕ್ಕಿದ್ದು ಕೆಳದರ್ಜೆಯ ಅಂಕ. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಹುಮಾನ ಬಂತು.

ಬ್ಯಾಟರಿಯೊಳಗಿನ ಸ್ಥಾವರ, ಜಂಗಮ

ನಾವು ನೀರು ಹಾಕುವ ಸೀಸದ ಬ್ಯಾಟರಿಯನ್ನು ಮೊದಲು ಮಾಡಿದವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ರೂಪ ಬದಲಾಗಿದೆ, ತತ್ವ ಇಂದಿಗೂ ಅದೇ.

12 ವೋಲ್ಟಿನ ಬ್ಯಾಟರಿಯೊಳಗೆ ಆರು ಕೋಣೆಗಳು. ಒಂದೊಂದು ಕೋಣೆಗೆ ಸುಮಾರು 2 ವೋಲ್ಟ್. ಪ್ರತಿ ಕೋಣೆಯಲ್ಲಿ ಎರಡು ಬಗೆಯ ಪ್ಲೇಟುಗಳು. ಮೈನಸ್ ಪ್ಲೇಟು ಸ್ಪಂಜಿನಂಥ ಬೂದು ಬಣ್ಣದ ಸೀಸ. ಪ್ಲಸ್ ಪ್ಲೇಟು ಆಮ್ಲಜನಕದ ಜೊತೆ ಸೇರಿದ ಕಂದು ಬಣ್ಣದ ಸೀಸ. ಇವು ಸ್ಥಾವರ, ಕೂತಲ್ಲೇ ಕೂತಿರುತ್ತವೆ. ನಡುವೆ ಇರುವುದು ನೀರು ಬೆರೆಸಿದ ಗಂಧಕದ ಆಸಿಡ್. ಆಸಿಡ್ ಒಡೆದು ಹೈಡ್ರೊಜನ್ ಅಯಾನು, ಸಲ್ಫೇಟ್ ಅಯಾನು ಆಗಿರುತ್ತದೆ. ಇವು ಜಂಗಮ.

ಕರೆಂಟು ಖರ್ಚಾಗುವಾಗ ಸಲ್ಫೇಟು ಎರಡೂ ಪ್ಲೇಟುಗಳ ಸೀಸಕ್ಕೆ ಅಂಟಿಕೊಳ್ಳುತ್ತದೆ. ಹೈಡ್ರೊಜನ್ ಅಯಾನು ಪ್ಲಸ್ ಪ್ಲೇಟಿನ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಆಸಿಡ್ ತೆಳುವಾಗುತ್ತದೆ. ಚಾರ್ಜ್ ಮಾಡುವಾಗ ಎಲ್ಲವೂ ಹಿಂದಕ್ಕೆ. ಸಲ್ಫೇಟು ಪ್ಲೇಟಿನಿಂದ ಬಿಟ್ಟು ನೀರಿಗೆ ಬರುತ್ತದೆ, ಆಸಿಡ್ ಮತ್ತೆ ದಪ್ಪವಾಗುತ್ತದೆ. ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆ ಅಳೆಯುವುದು ಈ ದಪ್ಪವನ್ನೇ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ 1.240ರಿಂದ 1.280ರ ಒಳಗೆ ತೋರಿಸುತ್ತದೆ. ನಿಮ್ಮ ಬ್ಯಾಟರಿಗೆ ಎಷ್ಟು ಎಂಬುದು ಅದರ ಚೀಟಿಯಲ್ಲೇ ಇರುತ್ತದೆ. ಖಾಲಿಯಾದಾಗ 1.120-1.150ಕ್ಕೆ ಇಳಿಯುತ್ತದೆ.

ಈ ಜಂಗಮಗಳ ನಡಿಗೆ ಎಷ್ಟು ನಿಧಾನ ಗೊತ್ತೇ? ತೆಳು ದ್ರಾವಣದಲ್ಲಿ ಒಂದು ಸೆಂಟಿಮೀಟರ್ ದೂರಕ್ಕೆ ಒಂದು ವೋಲ್ಟಿನಂತೆ ಒತ್ತಡ ಕೊಟ್ಟರೆ ಹೈಡ್ರೊಜನ್ ಅಯಾನು ಗಂಟೆಗೆ ಸುಮಾರು 13 ಸೆಂಟಿಮೀಟರ್ ಹೋಗುತ್ತದೆ. ಸಲ್ಫೇಟು ಹೋಗುವುದು ಬರೇ 3 ಸೆಂಟಿಮೀಟರ್. ತೋಟದ ಬಸವನಹುಳು ಇದಕ್ಕಿಂತ ಎಷ್ಟೋ ಚುರುಕು. ಹಾಗಿದ್ದರೆ ಸ್ವಿಚ್ ಹಾಕಿದ ಕೂಡಲೇ ದೀಪ ಹೇಗೆ ಉರಿಯುತ್ತದೆ? ಪೈಪು ತುಂಬ ನೀರಿದ್ದರೆ ಈ ತುದಿಯಲ್ಲಿ ವಾಲ್ವ್ ತೆರೆದ ಕೂಡಲೇ ಆ ತುದಿಯಲ್ಲಿ ನೀರು ಬೀಳುತ್ತದಲ್ಲ, ಹಾಗೆ. ಅಯಾನುಗಳು ಎಲ್ಲೆಡೆ ತುಂಬಿರುವ ಕಾರಣ ಎಲ್ಲವೂ ಒಟ್ಟಿಗೆ ಒಂದು ಹೆಜ್ಜೆ ಇಟ್ಟರೆ ಸಾಕು.

ಆದರೆ ಈ ನಿಧಾನದಿಂದ ಒಂದು ತೊಂದರೆ ಉಂಟು. ಒಮ್ಮೆಗೇ ಹೆಚ್ಚು ಕರೆಂಟು ಎಳೆದರೆ ಪ್ಲೇಟಿನ ಸಣ್ಣ ತೂತುಗಳ ಒಳಗಿನ ಆಸಿಡ್ ಮುಗಿಯುತ್ತದೆ, ಹೊರಗಿನದು ಅಷ್ಟು ಬೇಗ ಒಳಗೆ ಹೋಗಲಾರದು. ಬ್ಯಾಟರಿ ಖಾಲಿಯಾದಂತೆ ಕಾಣುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಸ್ವಲ್ಪ ಜೀವ ಬಂದಿರುತ್ತದೆ. ಜೀಪು ಸ್ಟಾರ್ಟ್ ಆಗದೆ ಬಿಟ್ಟು, ಚಾ ಕುಡಿದು ಬಂದ ಮೇಲೆ ಸ್ಟಾರ್ಟ್ ಆಗುವ ಗುಟ್ಟು ಇದು. ಆದ್ದರಿಂದ ವೋಲ್ಟ್ ಅಳೆಯುವುದಿದ್ದರೆ ಚಾರ್ಜ್ ಮಾಡಿದ ಅಥವಾ ಖರ್ಚು ಮಾಡಿದ ಕೂಡಲೇ ಅಳೆಯಬೇಡಿ. ಕೆಲವು ಗಂಟೆ ಬಿಟ್ಟು ಅಳೆಯಿರಿ. 12.6-12.7 ಇದ್ದರೆ ತುಂಬಿದೆ. 12.2ರ ಹತ್ತಿರ ಇದ್ದರೆ ಅರ್ಧ. 11.8ಕ್ಕೆ ಇಳಿದಿದ್ದರೆ ಖಾಲಿ.

ಎರಡೂ ಮನೆಗೆ ಚಾಡಿ ಹೇಳುವ ಕಬ್ಬಿಣ

ಈಗ ಬಾವಿ ನೀರಿನ ವಿಷಯಕ್ಕೆ ಬರೋಣ. ನಮ್ಮ ನೆಲ ಮುರಕಲ್ಲಿನದು. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇದರ ಕೆಂಪು ಕಬ್ಬಿಣದ ಕೆಂಪು. ನಮ್ಮ ಗುಡ್ಡಗಳಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಎದುರು ಹಳೆಯ ಕಬ್ಬಿಣದ ಕಂಬವೇ ನಿಂತಿದೆ, ಲೋಹ ವಿಜ್ಞಾನಿಗಳು ಅದನ್ನು ಪರೀಕ್ಷೆ ಮಾಡಿದ್ದಾರೆ.

ನೆಲದೊಳಗೆ ಗಾಳಿ ಕಡಿಮೆ ಇರುವ ಕಡೆ ಕಬ್ಬಿಣ ನೀರಿನಲ್ಲಿ ಕರಗಿರುತ್ತದೆ. ಆಗ ಅದಕ್ಕೆ ಬಣ್ಣ ಇಲ್ಲ. ಮೇಲೆ ಬಂದು ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣ ಬರುತ್ತದೆ. ಬೋರ್‌ವೆಲ್ಲಿನ ನೀರು ಎತ್ತಿದಾಗ ತಿಳಿ, ಮರುದಿನ ಕೊಡದ ತಳದಲ್ಲಿ ಕೆಂಪು ಗಸಿ. ಗದ್ದೆಯಂಚಿನ ಒರತೆಯಲ್ಲಿ ಎಣ್ಣೆ ತೇಲಿದಂತೆ ಬಣ್ಣ ಬಣ್ಣದ ಪೊರೆ, ಅಡಿಯಲ್ಲಿ ಕೆಂಪು ರಾಡಿ. ಇವೆಲ್ಲ ನಾವು ದಿನಾ ನೋಡುವಂಥದ್ದೇ. ಗಾಜಿನ ಹಾಗೆ ಕಾಣುವ ನೀರಿನಲ್ಲೂ ಕಬ್ಬಿಣ ಇರಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಬ್ಬಿಣದ ಅಯಾನಿಗೆ ಎರಡು ವೇಷ. ಒಂದರಲ್ಲಿ ಎರಡು ಪಾಲು ಧನ ವಿದ್ಯುತ್ತು, ಇನ್ನೊಂದರಲ್ಲಿ ಮೂರು ಪಾಲು. ಬ್ಯಾಟರಿಯೊಳಗೆ ಹೋದ ಕಬ್ಬಿಣ ಪ್ಲಸ್ ಪ್ಲೇಟಿನ ಹತ್ತಿರ ಹೋದಾಗ ಎರಡು ಪಾಲಿನದು ಮೂರು ಪಾಲಿನದಾಗುತ್ತದೆ. ಅಷ್ಟರಲ್ಲಿ ಪ್ಲಸ್ ಪ್ಲೇಟಿನ ಸ್ವಲ್ಪ ಚಾರ್ಜ್ ಖರ್ಚಾಯಿತು. ಅದೇ ಕಬ್ಬಿಣ ತೇಲುತ್ತ ಮೈನಸ್ ಪ್ಲೇಟಿಗೆ ಬಂದು ಮತ್ತೆ ಎರಡು ಪಾಲಿನದಾಗುತ್ತದೆ. ಅಲ್ಲಿಯೂ ಸ್ವಲ್ಪ ಚಾರ್ಜ್ ಖರ್ಚಾಯಿತು. ಪುನಃ ಪ್ಲಸ್ ಕಡೆಗೆ. ಎರಡೂ ಮನೆಗೆ ಹೋಗಿ ಚಾಡಿ ಹೇಳಿ ಇಬ್ಬರನ್ನೂ ಹಾಳು ಮಾಡುವವನ ಹಾಗೆ. ಎರಡೂ ಮನೆಗೆ ನಷ್ಟ, ಚಾಡಿಕೋರನಿಗೆ ಏನೂ ಆಗುವುದಿಲ್ಲ. ಕಬ್ಬಿಣ ಸ್ವಲ್ಪವೂ ಕಡಿಮೆಯಾಗದೆ ಅಲ್ಲೇ ಉಳಿದಿರುತ್ತದೆ. ಬೇಲಿಯ ಸ್ವಿಚ್ ಆಫ್ ಮಾಡಿಟ್ಟರೂ ಈ ಓಡಾಟ ನಿಲ್ಲುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಗ್ರಾಂ ಕಬ್ಬಿಣ ಒಮ್ಮೆ ಹೋಗಿ ಬಂದರೆ ಒಂದು ಕೋಣೆಯಲ್ಲಿ ಸುಮಾರು ಅರ್ಧ ಆಂಪಿಯರ್-ಗಂಟೆಯಷ್ಟು ಚಾರ್ಜ್ ಹೋಗುತ್ತದೆ. ನಮ್ಮ ನೀರಿನಲ್ಲಿ ಕಬ್ಬಿಣ ಗ್ರಾಂಗಟ್ಟಲೆ ಇರುವುದಿಲ್ಲ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಇರುತ್ತದೆ. ಹಾಗಾಗಿ ಒಂದೆರಡು ಸಲ ಬಾವಿ ನೀರು ಹಾಕಿದ್ದಕ್ಕೆ ಬ್ಯಾಟರಿ ಸತ್ತೇ ಹೋಗುತ್ತದೆ ಎಂದು ಹೆದರಿಸುವುದಿಲ್ಲ. ತೊಂದರೆ ಇರುವುದು ಕೂಡಿಕೆಯಲ್ಲಿ. ಕಬ್ಬಿನ ಹಾಲು ಕಾಸಿದರೆ ನೀರು ಹೋಗಿ ಬೆಲ್ಲ ಉಳಿಯುತ್ತದಲ್ಲ, ಬ್ಯಾಟರಿಯೂ ಹಾಗೆಯೇ. ಹಾರಿ ಹೋಗುವುದು ನೀರು ಮಾತ್ರ. ವರ್ಷಗಟ್ಟಲೆ ನೀವು ಹಾಕಿದ ಕಬ್ಬಿಣವೆಲ್ಲ ಒಳಗೇ ಇರುತ್ತದೆ, ಹಗಲು ರಾತ್ರಿ ಓಡಾಡುತ್ತ ಇರುತ್ತದೆ.

ಮಳೆಗಾಲದಲ್ಲೇ ಯಾಕೆ ಸಾಯುತ್ತದೆ?

ಬೇಸಿಗೆಯಲ್ಲಿ ಪ್ಯಾನೆಲಿಗೆ ದಿನವಿಡೀ ಬಿಸಿಲು. ಕಬ್ಬಿಣ ತಿಂದದ್ದನ್ನು ಬಿಸಿಲು ತುಂಬಿಸಿಕೊಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಜೂನ್ ಬಂತೆಂದರೆ ಮೂರು ಕಡೆಯಿಂದ ಹೊಡೆತ. ಮೋಡದಿಂದ ಪ್ಯಾನೆಲಿನ ಹುಟ್ಟುವಳಿ ಕಡಿಮೆ. ಹುಲ್ಲು, ಬಳ್ಳಿ ಬೆಳೆದು ತಂತಿಗೆ ತಾಗಿ ಕರೆಂಟು ನೆಲಕ್ಕೆ ಸೋರುವುದು ಹೆಚ್ಚು. ಒಳಗಿನ ಕಬ್ಬಿಣದ ಕಳವು ಮೊದಲಿನಷ್ಟೇ.

ಅರೆ ಹೊಟ್ಟೆಯಲ್ಲಿ ವಾರಗಟ್ಟಲೆ ಕೂತ ಬ್ಯಾಟರಿಯಲ್ಲಿ ಪ್ಲೇಟಿಗೆ ಅಂಟಿದ ಸಲ್ಫೇಟು ಗಟ್ಟಿ ಹರಳಾಗುತ್ತದೆ. ಮೊದಲ ದಿನಗಳಲ್ಲಿ ಚಾರ್ಜ್ ಕೊಟ್ಟರೆ ಕರಗಿ ಬರುತ್ತಿದ್ದದ್ದು ಆಮೇಲೆ ಜಪ್ಪಯ್ಯ ಅಂದರೂ ಕರಗುವುದಿಲ್ಲ. ಬೇಸಿಗೆ ಬಂದು ಎಷ್ಟೇ ಬಿಸಿಲು ಕಾಯಲಿ, ಆ ಪ್ಲೇಟು ಹೋದಂತೆಯೇ. ಮೆಕ್ಯಾನಿಕರು 'ಸಲ್ಫೇಶನ್ ಆಯ್ತು' ಎನ್ನುವುದು ಇದಕ್ಕೇ.

ಉಪ್ಪು, ಮೈಲುತುತ್ತ

ಕಬ್ಬಿಣ ಒಂದೇ ಅಲ್ಲ. ಕೊಲ್ಲೂರಿನಿಂದ ಇಳಿದು ಬರುವ ಸೌಪರ್ಣಿಕೆ ಮರವಂತೆಯಲ್ಲಿ ಕಡಲಿನ ಮಗ್ಗುಲಲ್ಲೇ ಹರಿದು ಗಂಗೊಳ್ಳಿಯಲ್ಲಿ ಸಮುದ್ರ ಸೇರುತ್ತದೆ. ಆ ಬದಿಯಲ್ಲಿ, ಉಪ್ಪುನೀರು ಏರುವ ಹೊಳೆಗಳ ದಡದಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವುದುಂಟು. ಉಪ್ಪಿನ ಕ್ಲೋರೈಡ್ ಅಯಾನು ಪ್ಲಸ್ ಪ್ಲೇಟನ್ನು ಹಿಡಿದಿಡುವ ಸೀಸದ ಚೌಕಟ್ಟನ್ನೇ ಕೊರೆಯುತ್ತದೆ.

ಇನ್ನೊಂದು ಶತ್ರು ತಾಮ್ರ. ಬ್ಯಾಟರಿಯ ಕೊಂಡಿಯಲ್ಲಿ ನೀಲಿ ಹಸಿರು ಬಣ್ಣದ ಹಿಟ್ಟು ಕಟ್ಟಿಕೊಳ್ಳುವುದನ್ನು ನೋಡಿದ್ದೀರಿ. ಕೊಂಡಿಯ ಹಿತ್ತಾಳೆ, ತಾಮ್ರಕ್ಕೆ ಆಸಿಡ್ ತಾಗಿ ಆದದ್ದು ಅದು. ಮುಖ್ಯವಾಗಿ ಕಾಪರ್ ಸಲ್ಫೇಟು, ಅಂದರೆ ಕೊಳೆರೋಗಕ್ಕೆ ಬೋರ್ಡೋ ಮಾಡಲು ನಾವು ತರುವ ಮೈಲುತುತ್ತವೇ. ಇದು ಒಳಗೆ ಬಿದ್ದರೆ ತಾಮ್ರ ಮೈನಸ್ ಪ್ಲೇಟಿನ ಮೇಲೆ ಲೋಹವಾಗಿ ಕೂರುತ್ತದೆ. ಅಲ್ಲಿಂದ ಸುಮ್ಮನೆ ಹೈಡ್ರೊಜನ್ ಗುಳ್ಳೆ ಏಳುತ್ತ ಚಾರ್ಜ್ ಸೋರುತ್ತದೆ. ಹಾಗಾಗಿ ಮುಚ್ಚಳ ತೆಗೆಯುವ ಮೊದಲೇ ಕೊಂಡಿಯ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರಸಿ ತೆಗೆಯಿರಿ. ಬೋರ್ಡೋ ಮಾಡಿದ ಪಾತ್ರೆ, ಆಲಿಕೆ, ಮಗ್ಗು ಬ್ಯಾಟರಿಯ ಹತ್ತಿರ ಬರಕೂಡದು. ತಾಮ್ರದ ಚೆಂಬೂ ಬೇಡ, ಕಬ್ಬಿಣದ ಡಬ್ಬವೂ ಬೇಡ. ಪ್ಲಾಸ್ಟಿಕ್ ಅಥವಾ ಗಾಜು.

ಚೊಗರಿನ ಪರೀಕ್ಷೆ

ನಿಮ್ಮ ಬಾವಿಯಲ್ಲಿ ಕಬ್ಬಿಣ ಉಂಟೇ ಎಂದು ನೋಡಲು ಲ್ಯಾಬಿಗೆ ಹೋಗಬೇಕೆಂದಿಲ್ಲ. ಬಿಳಿ ಪಿಂಗಾಣಿ ಬಟ್ಟಲಲ್ಲಿ ನೀರು ಹಿಡಿದು ಒಂದು ರಾತ್ರಿ ತೆರೆದಿಡಿ. ಮರುದಿನ ಕಲಕಿ, ಅದಕ್ಕೆ ಹಾಲು ಸಕ್ಕರೆ ಹಾಕದ ಚಾದ ಡಿಕಾಕ್ಷನ್ ನಾಲ್ಕು ಚಮಚ ಹಾಕಿ. ಅಡಿಕೆ ಚೊಗರು ಅಥವಾ ಅಣಲೆಕಾಯಿ ನೆನೆಸಿದ ನೀರೂ ಆದೀತು. ಪಕ್ಕದಲ್ಲಿ ಇನ್ನೊಂದು ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಅದಕ್ಕೂ ಅಷ್ಟೇ ಹಾಕಿ. ಬಾವಿ ನೀರಿನ ಬಟ್ಟಲು ಕಪ್ಪು ಅಥವಾ ಕಪ್ಪು ನೀಲಿಗೆ ತಿರುಗಿದರೆ ಕಬ್ಬಿಣ ಉಂಟು. ಚೊಗರಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ, ಹಿಂದಿನವರು ಬರೆಯುವ ಮಸಿಯನ್ನು ಹೀಗೆಯೇ ಮಾಡುತ್ತಿದ್ದರು.

ಕಪ್ಪಾಗದಿದ್ದರೆ ಆ ನೀರು ಬ್ಯಾಟರಿಗೆ ಆದೀತು ಎಂದು ಅರ್ಥವಲ್ಲ. ಕಣ್ಣಿಗೆ ಕಾಣುವಷ್ಟು ಕಬ್ಬಿಣ ಇಲ್ಲ ಎಂದಷ್ಟೇ. ಉಪ್ಪಿನ ಸುದ್ದಿ ಈ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ.

ಹಾಗಾದರೆ ಯಾವ ನೀರು?

ಬ್ಯಾಟರಿ ನೀರಿಗೆಂದೇ ನಮ್ಮ ದೇಶದಲ್ಲಿ ಐ.ಎಸ್. 1069 ಎಂಬ ಮಾನಕ ಉಂಟು. ಪೇಟೆಯಲ್ಲಿ ಸಿಗುವ ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರಿನ ಕ್ಯಾನಿನ ಮೇಲೆ ಬ್ಯಾಟರಿಗೆ ಎಂದು ಬರೆದಿದೆಯೇ ನೋಡಿ ತನ್ನಿ. ಲೀಟರಿಗೆ ಎರಡು ಮೂರು ಚಾದ ಬೆಲೆ. ಬ್ಯಾಟರಿಯ ಬೆಲೆ ಸಾವಿರಗಟ್ಟಲೆ. ಉಳಿತಾಯ ಯಾವುದರಲ್ಲಿ ಮಾಡಬೇಕು ನೀವೇ ಹೇಳಿ.

ಜನ ಕೇಳುವ ಬೇರೆ ನೀರುಗಳು:

ಕುದಿಸಿ ಆರಿಸಿದ ನೀರು – ಆಗದು. ಕುದಿಸಿದರೆ ಹೋಗುವುದು ನೀರು, ಉಳಿಯುವುದು ಕಬ್ಬಿಣ. ಆವಿಯನ್ನು ಹಿಡಿದು ತಣಿಸಿದರೆ ಮಾತ್ರ ಭಟ್ಟಿ ನೀರು.

ಬಾಟಲಿಯ ಕುಡಿಯುವ ನೀರು – ಆಗದು. ಕುಡಿಯಲು ಒಳ್ಳೆಯದೆಂದು ಅದರಲ್ಲಿ ಖನಿಜ ಉಳಿಸಿರುತ್ತಾರೆ, ಕೆಲವು ಸಲ ಸೇರಿಸಿಯೂ ಇರುತ್ತಾರೆ.

ಮನೆಯ ಫಿಲ್ಟರ್ ನೀರು – ಲವಣ ಕಡಿಮೆಯಾಗಿರುತ್ತದೆ, ಪೂರ್ತಿ ಹೋಗಿರುವುದಿಲ್ಲ.

ಎ.ಸಿ.ಯಿಂದ ತೊಟ್ಟಿಕ್ಕುವ ನೀರು – ಮೂಲದಲ್ಲಿ ಆವಿಯ ನೀರೇ ಹೌದು. ಆದರೆ ತಾಮ್ರ, ಅಲ್ಯುಮಿನಿಯಂ, ಧೂಳು ತೊಳೆದುಕೊಂಡು ಬರುತ್ತದೆ. ನಂಬುವಂತಿಲ್ಲ.

ಮಳೆ ನೀರು – ಕೈಯಲ್ಲಿ ಬೇರೇನೂ ಇಲ್ಲದೆ ಪ್ಲೇಟು ಒಣಗುವ ಸ್ಥಿತಿ ಬಂದರೆ, ಒಂದೆರಡು ಗಂಟೆ ಜೋರು ಮಳೆ ಹೊಯ್ದ ಮೇಲೆ, ಬಯಲಲ್ಲಿ ತೊಳೆದ ಪ್ಲಾಸ್ಟಿಕ್ ಬಕೆಟ್ ಇಟ್ಟು ನೇರ ಆಕಾಶದಿಂದ ಹಿಡಿದದ್ದು ಬಾವಿ ನೀರಿಗಿಂತ ಎಷ್ಟೋ ಲೇಸು. ಮಾಡಿನ ನೀರು, ಶೀಟಿನ ನೀರು ಬೇಡ. ಕಡಲ ಬದಿಯವರಿಗೆ ಗಾಳಿಯಲ್ಲೇ ಉಪ್ಪು ಇರುವ ಕಾರಣ ಇದೂ ಬೇಡ.

ಗುಳ್ಳೆಯ ಲೆಕ್ಕ

ಚಾರ್ಜ್ ತುಂಬಿದ ಮೇಲೂ ಕರೆಂಟು ಹೋಗುತ್ತಿದ್ದರೆ ಅಯಾನುಗಳಿಗೆ ಪ್ಲೇಟಿನಲ್ಲಿ ಕೆಲಸ ಇರುವುದಿಲ್ಲ. ಆಗ ನೀರೇ ಒಡೆಯುತ್ತದೆ. ಒಂದು ಆಂಪಿಯರಿನಂತೆ ಒಂದು ಗಂಟೆ ಹೆಚ್ಚಾಗಿ ಹೋದರೆ ಆರು ಕೋಣೆಗಳಿಂದ ಒಟ್ಟು 2 ಗ್ರಾಂ ನೀರು ಹೋಗುತ್ತದೆ, ಸುಮಾರು ಎರಡೂವರೆ ಲೀಟರ್ ಹೈಡ್ರೊಜನ್ ಹೊರಗೆ ಬರುತ್ತದೆ. ಜೊತೆಗೆ ಅದರ ಅರ್ಧದಷ್ಟು ಆಮ್ಲಜನಕ.

ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೊಜನ್ ಸೇರಿದರೆ ಒಂದು ಕಿಡಿ ಸಾಕು. ಎರಡು ಅಡಿ ಅಗಲ, ಎರಡು ಅಡಿ ಉದ್ದ, ಮೂರು ಅಡಿ ಎತ್ತರದ ಮುಚ್ಚಿದ ಪೆಟ್ಟಿಗೆಯೊಳಗೆ ಸುಮಾರು 340 ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿ 4 ಪಾಲೆಂದರೆ ಹದಿಮೂರು ಹದಿನಾಲ್ಕು ಲೀಟರ್. 5 ಆಂಪಿಯರಿನಂತೆ ಹೆಚ್ಚುವರಿ ಚಾರ್ಜ್ ಹೋದರೆ ಅಷ್ಟು ಅನಿಲ ಒಂದು ಗಂಟೆ ಚಿಲ್ಲರೆಯಲ್ಲಿ ತುಂಬುತ್ತದೆ. ಮಳೆ ತಾಗಬಾರದೆಂದು ಬ್ಯಾಟರಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಇಡುವವರು ಈ ಲೆಕ್ಕ ನೆನಪಿಡಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ ಎರಡೂ ಬದಿ ತೂತು ಇರಲೇಬೇಕು, ಹೈಡ್ರೊಜನ್ ಮೇಲಕ್ಕೇ ಹೋಗುವುದು. ಬೀಡಿ ಸೇದುತ್ತ, ಬೆಂಕಿಕಡ್ಡಿ ಗೀರಿ ಬ್ಯಾಟರಿಯ ನೀರು ನೋಡುವ ಅಭ್ಯಾಸ ಯಾರಿಗೂ ಬೇಡ.

ಬೇಲಿ ಸತ್ತ ರಾತ್ರಿಯ ಆಸೆ

ಒಂದು ಮಾತು ಇಲ್ಲಿ ಹೇಳದಿದ್ದರೆ ಆಗದು. ಬೆಳೆ ಕೈಗೆ ಬರುವ ಹೊತ್ತಿಗೆ ಬೇಲಿ ಸತ್ತರೆ ಮನುಷ್ಯನ ತಲೆ ಕೆಡುತ್ತದೆ. "ಒಂದ್ ರಾತ್ರಿಗೆ ಮನಿ ಕರೆಂಟೇ ಕೊಟ್ರೆ ಎಂತ ಆತ್ತ್?" ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಆಗುವುದು ಸಾವು. ಸೌರಬೇಲಿಯ ಯಂತ್ರ ಸೆಕೆಂಡಿಗೆ ಒಂದು ಸಲದಂತೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಹೊಡೆತ ಕೊಡುತ್ತದೆ. ವೋಲ್ಟ್ ಸಾವಿರಗಟ್ಟಲೆ ಇದ್ದರೂ ನಡುವೆ ಬಿಡುವು ಇರುವ ಕಾರಣ ಪ್ರಾಣಿ ಹಿಂದೆ ಸರಿದು ಹೋಗುತ್ತದೆ. ಮನೆಯ 230 ವೋಲ್ಟಿಗೆ ಬಿಡುವಿಲ್ಲ. ತಾಗಿದವರನ್ನು ಬಿಡುವುದಿಲ್ಲ. ಕಾಡುಪ್ರಾಣಿ ಮಾತ್ರವಲ್ಲ, ಬೆಳಿಗ್ಗೆ ಹುಲ್ಲಿಗೆ ಹೋದ ಹೆಂಗಸರು, ಶಾಲೆಗೆ ಹೋಗುವ ಮಕ್ಕಳು, ಮರೆತು ಮುಟ್ಟಿದ ಮನೆಯ ಯಜಮಾನ, ಯಾರೂ ಆಗಬಹುದು. ಕಾನೂನಿನಲ್ಲೂ ದೊಡ್ಡ ಅಪರಾಧ. ಬ್ಯಾಟರಿಯನ್ನು ಮಳೆಗಾಲಕ್ಕೆ ಮೊದಲೇ ನೋಡಿಕೊಂಡರೆ ಆ ಆಸೆ ಹುಟ್ಟುವ ರಾತ್ರಿಯೇ ಬರುವುದಿಲ್ಲ.

ಮಾಡಬೇಕಾದದ್ದು

1. ಮೇ ತಿಂಗಳಲ್ಲಿ ಹೈಡ್ರೋಮೀಟರಿನಿಂದ ಆರೂ ಕೋಣೆ ನೋಡಿ ಬರೆದಿಡಿ. ಒಂದು ಕೋಣೆ ಉಳಿದವಕ್ಕಿಂತ 0.050ರಷ್ಟು ಕಡಿಮೆ ಇದ್ದರೆ ಆ ಕೋಣೆಗೆ ಕಾಯಿಲೆ ಎಂದು ತಿಳಿಯಿರಿ. ಆಗಲೇ ವ್ಯವಸ್ಥೆ ಮಾಡಿ, ಜುಲೈವರೆಗೆ ಕಾಯಬೇಡಿ.

2. ಬಾವಿ ನೀರು ಹಾಕಿ ಅಭ್ಯಾಸವಾಗಿದ್ದರೆ ಹೀಗೆ ಪರೀಕ್ಷಿಸಿ. ಪೂರ್ತಿ ಚಾರ್ಜ್ ಮಾಡಿ, ವಯರು ಬಿಚ್ಚಿ ಒಂದು ವಾರ ಇಡಿ. ಮೊದಲು, ಆಮೇಲೆ ಹೈಡ್ರೋಮೀಟರ್ ಓದಿ. ಸುಮ್ಮನೆ ಕೂತೇ ಬಹಳ ಇಳಿದಿದ್ದರೆ ಒಳಗೆ ಕಳ್ಳ ಇದ್ದಾನೆ. ಹಳೆಯ ಬ್ಯಾಟರಿಯಲ್ಲಿ ವಯಸ್ಸಿನಿಂದಲೂ ಹೀಗಾಗುತ್ತದೆ.

3. ನೀರು ಹಾಕುವುದು ಚಾರ್ಜ್ ಆದ ಮೇಲೆ. ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬುತ್ತದೆ, ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೋಗುತ್ತದೆ. ಪ್ಲೇಟು ಕಾಣುವಷ್ಟು ಇಳಿದಿದ್ದರೆ ಮಾತ್ರ ಮುಳುಗುವಷ್ಟು ಮೊದಲೇ ಹಾಕಿ.

4. ಇಳಿದದ್ದಕ್ಕೆ ಆಸಿಡ್ ಹಾಕಬೇಡಿ. ಹಾರಿದ್ದು ನೀರು, ಹಾಕಬೇಕಾದದ್ದೂ ನೀರೇ.

5. ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ, ಕರೆಂಟು ಇರುವ ದಿನ ನೋಡಿ, ಬ್ಯಾಟರಿಯನ್ನು ಮನೆಗೆ ತಂದು ಚಾರ್ಜರಿನಲ್ಲಿ ಹೊಟ್ಟೆ ತುಂಬಿಸಿ. ಕೊನೆಯಲ್ಲಿ ಸ್ವಲ್ಪ ಹೊತ್ತು ಗುಳ್ಳೆ ಬರಲಿ. ಆಸಿಡ್ ಭಾರವಾದ ಕಾರಣ ತಳದಲ್ಲಿ ನಿಲ್ಲುತ್ತದೆ, ಗುಳ್ಳೆಗಳು ಅದನ್ನು ಕಲಕುತ್ತವೆ.

6. ತಂತಿಗೆ ತಾಗುವ ಬಳ್ಳಿಯನ್ನು ವಾರಕ್ಕೊಮ್ಮೆ ಸವರಿ. ಬ್ಯಾಟರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

7. ಆಸಿಡ್ ಕಣ್ಣಿಗೆ ಹಾರಿದರೆ ಹದಿನೈದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಧಾರೆ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಇಲ್ಲಿ ಬಾವಿ ನೀರು ಧಾರಾಳ ಆದೀತು.

8. ಸತ್ತ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಬೇಡಿ, ಆಸಿಡನ್ನು ತೋಡಿಗೆ ಚೆಲ್ಲಬೇಡಿ. ಸೀಸ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವ ವ್ಯವಸ್ಥೆ ತಯಾರಕರದ್ದೇ ಹೊಣೆ. ಅಂಗಡಿಗೆ ಕೊಟ್ಟರೆ ಹೊಸತರ ಬೆಲೆಯಲ್ಲಿ ಸ್ವಲ್ಪ ಕಡಿತವೂ ಸಿಗುತ್ತದೆ.

ಇದೆಲ್ಲ ನೀರು ಹಾಕುವ ಬ್ಯಾಟರಿಯ ಕಥೆ. ಮುಚ್ಚಿದ ಬ್ಯಾಟರಿಗೂ ಲಿಥಿಯಂ ಬ್ಯಾಟರಿಗೂ ನಾವು ನೀರು ಹಾಕುವುದಿಲ್ಲ, ಹಾಗಾಗಿ ಬಾವಿಯ ಕಬ್ಬಿಣಕ್ಕೆ ಅಲ್ಲಿ ದಾರಿ ಇಲ್ಲ. ಮನೆಯ ಇನ್ವರ್ಟರಿನ ಬ್ಯಾಟರಿ, ಟ್ರಾಕ್ಟರು ಟಿಲ್ಲರುಗಳ ನೀರು ಹಾಕುವ ಬ್ಯಾಟರಿಗಳಿಗೆ ಮೇಲಿನದೆಲ್ಲ ಅನ್ವಯ.

ಈ ಮೇ ತಿಂಗಳಲ್ಲಿ ಚೊಗರಿನ ಪರೀಕ್ಷೆ ಮಾಡಿ ನೋಡಿ. ತೆರೆದ ಬಾವಿ, ಬೋರ್‌ವೆಲ್, ಗುಡ್ಡದ ಒರತೆ, ಮೂರರ ನೀರನ್ನೂ ಸಾಲಾಗಿ ಇಟ್ಟು ಯಾವುದು ಎಷ್ಟು ಕಪ್ಪಾಯಿತೆಂದು ಪತ್ರಿಕೆಗೆ ಬರೆಯಿರಿ. ನಾಲ್ಕು ಊರಿನವರ ಅನುಭವ ಒಟ್ಟಾದರೆ ಎಲ್ಲಿಯ ನೀರಿಗೆ ಎಷ್ಟು ಜಾಗ್ರತೆ ಬೇಕೆಂದು ಎಲ್ಲರಿಗೂ ತಿಳಿಯುತ್ತದೆ.